ಆಲ್ಪ್ಸ್ ತಪ್ಪಲಿನಲ್ಲಿ ಪಿಟೀಲು ಮತ್ತು ಯೋಗ

ಪಿಟೀಲು ವಾದಕನಿಗೆ ಬಲಗೈಯೇ ಉಸಿರು. ಎಡಗೈಯ ಬೆರಳುಗಳು ಸ್ವರಸ್ಥಾನವನ್ನು ಅರಸಿ ಕೊಟ್ಟರೂ ಆ ಸ್ವರಕ್ಕೆ ಪ್ರಾಣವನ್ನು ತುಂಬುವುದು ಬಲಗೈಯಲ್ಲಿರುವ ಕಮಾನು. ತಂತಿಯ ಮೇಲೆ ಕಮಾನು ಸಾಗುತ್ತಿರುವಾಗ ತೋಳು ಎಳ್ಳಷ್ಟು ಬಿಗಿದುಕೊಂಡರೂ ನಾದ ಒಡೆಯುತ್ತದೆ. ಸಭಿಕರಿಗೆ ಅದು ತಿಳಿಯದೆ ಹೋಗಬಹುದು. ವಾದಕನಿಗೆ ತಿಳಿಯದೆ ಹೋಗುವುದಿಲ್ಲ. ಜಗತ್ತೇ ತಲೆದೂಗುತ್ತಿದ್ದ ಒಬ್ಬ ಮಹಾವಾದಕನಿಗೆ, ಪ್ರಾಯ ಮೂವತ್ತು ದಾಟುತ್ತಿದ್ದಂತೆ, ಇಂತಹ ಭೀತಿಯೊಂದು ಒಳಗಿನಿಂದ ಕೊರೆಯತೊಡಗಿತ್ತು. ಆತನ ಹೆಸರು ಯೆಹೂದಿ ಮೆನುಹಿನ್. ಆ ಭೀತಿಯ ನಿವಾರಣೆಗೆ ನೆರವಾದವರು ನಮ್ಮ ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಒಬ್ಬ ಯೋಗಶಿಕ್ಷಕರು. ಈ ಇಬ್ಬರ ಸ್ನೇಹ ಬೇರೂರಿದ್ದು ಸ್ವಿಟ್ಜರ್ಲೆಂಡಿನ ಒಂದು ಪುಟ್ಟ ಬೆಟ್ಟದೂರಿನಲ್ಲಿ. ಇಂದು ಬೇಸಗೆ ಬಂದಿತೆಂದರೆ ಆ ಊರಿಗೆ ದೇಶದೇಶಗಳಿಂದ ಸಂಗೀತಪ್ರಿಯರು ಯಾತ್ರಿಕರಂತೆ ಬರುತ್ತಾರೆ.

1916ರಲ್ಲಿ ನ್ಯೂಯಾರ್ಕಿನಲ್ಲಿ ಜನಿಸಿದ ಮೆನುಹಿನ್ ಬಾಲಪ್ರತಿಭೆಯೆಂಬ ಮಾತಿಗೆ ಉದಾಹರಣೆಯಾಗಿ ಬೆಳೆದವರು. ಹನ್ನೊಂದರ ವಯಸ್ಸಿನಲ್ಲಿ ನ್ಯೂಯಾರ್ಕಿನ ಕಾರ್ನೆಗಿ ಹಾಲಿನಲ್ಲಿ ಬೇಥೋವನ್ನನ ಕೃತಿಯನ್ನು ನುಡಿಸಿದರು. ಹದಿಮೂರು ತುಂಬುವ ಮುನ್ನವೇ, 1929ರಲ್ಲಿ, ಬರ್ಲಿನ್ ನಗರದಲ್ಲಿ ಬಾಖ್, ಬೇಥೋವನ್, ಬ್ರಾಮ್ಸ್ ಈ ಮೂವರ ಮಹಾಕೃತಿಗಳನ್ನು ಒಂದೇ ಸಂಜೆಯಲ್ಲಿ ನುಡಿಸಿ ಪಂಡಿತರನ್ನು ಬೆರಗುಗೊಳಿಸಿದರು. ಹಕ್ಕಿಗೆ ಹಾರಾಟ ಬರುವಂತೆ ಅವರಿಗೆ ವಾದನ ಬಂದಿತ್ತು. ತೊಡಕೂ ಅಲ್ಲಿಯೇ ಇತ್ತು. ರೆಕ್ಕೆ ಹೇಗೆ ಆಡುತ್ತದೆಂದು ಹಕ್ಕಿ ಎಂದೂ ಯೋಚಿಸಿರುವುದಿಲ್ಲ. ಯೋಚಿಸುವ ಪ್ರಸಂಗ ಬಂದ ದಿನ ಅದು ಕಂಗೆಡುತ್ತದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅವರು ಮಿತ್ರರಾಷ್ಟ್ರಗಳ ಸೈನಿಕರಿಗಾಗಿ ಐನೂರಕ್ಕೂ ಮಿಕ್ಕಿ ಕಚೇರಿಗಳನ್ನು ನಡೆಸಿದರು. 1945ರಲ್ಲಿ ಆಂಗ್ಲ ಸಂಗೀತರಚನಕಾರ ಬೆಂಜಮಿನ್ ಬ್ರಿಟನ್ನರೊಡನೆ, ಆಗತಾನೆ ಬಿಡುಗಡೆಗೊಂಡಿದ್ದ ಬೆಲ್ಸನ್ ಬಂದಿಶಿಬಿರದಲ್ಲಿ ಬದುಕಿ ಉಳಿದವರ ಮುಂದೆ ನುಡಿಸಿದರು. ಹೊತ್ತುಗೊತ್ತಿಲ್ಲದ ಸಂಚಾರ, ಅಭ್ಯಾಸಕ್ಕೆ ಬಿಡುವಿಲ್ಲದ ದಿನಗಳು, ಕಣ್ಣಾರೆ ಕಂಡ ನರಕ ಇವೆಲ್ಲ ಕೂಡಿ ಶರೀರವನ್ನು ಜರ್ಜರಗೊಳಿಸಿದ್ದವು. ಬಾಲ್ಯದಲ್ಲಿ ತಾನಾಗಿ ಒಲಿದಿದ್ದ ಕಮಾನು ಈಗ ಮುನಿಸಿಕೊಂಡಿತ್ತು. ನಿದ್ರೆಯೂ ದೂರವಾಗಿತ್ತು.

1951ರಲ್ಲಿ ನ್ಯೂಜಿಲೆಂಡ್ ಪ್ರವಾಸದಲ್ಲಿದ್ದಾಗ ಚಿಕಿತ್ಸಕರೊಬ್ಬರ ಮನೆಯ ಹೊರಕೋಣೆಯಲ್ಲಿ ಸರದಿಗಾಗಿ ಕಾಯುತ್ತ ಕುಳಿತಿದ್ದ ಮೆನುಹಿನ್ನರ ಕೈಗೆ ಯೋಗಾಸನಗಳ ಚಿಕ್ಕ ಪುಸ್ತಕವೊಂದು ಸಿಕ್ಕಿತು. ಪುಸ್ತಕ ಓದಿ ಆಸನ ಹಾಕುವುದು ನಮ್ಮಲ್ಲಿ ಹಿರಿಯರು ಒಪ್ಪುವ ಮಾರ್ಗವಲ್ಲ. ಆದರೆ ಗುರುವಿಲ್ಲದ ನಾಡಿನಲ್ಲಿದ್ದವನು ಇನ್ನೇನು ಮಾಡಬೇಕು? ಅವರು ತಾವಾಗಿಯೇ ಶೀರ್ಷಾಸನವನ್ನು ಸಾಧಿಸತೊಡಗಿದರು. ಮರುವರ್ಷವೇ ಪ್ರಧಾನಿ ಜವಾಹರಲಾಲ್ ನೆಹರೂ ಅವರ ಆಹ್ವಾನದ ಮೇಲೆ ಭಾರತಕ್ಕೆ ಬಂದು, ಕಚೇರಿಗಳ ಉತ್ಪತ್ತಿಯನ್ನು ಕ್ಷಾಮಪರಿಹಾರಕ್ಕೆ ಒಪ್ಪಿಸಿದರು. ನೆಹರೂ ಸ್ವತಃ ನಿತ್ಯವೂ ಶೀರ್ಷಾಸನ ಹಾಕುತ್ತಿದ್ದವರು. ಅತಿಥಿಗೆ ಯೋಗದಲ್ಲಿ ಆಸಕ್ತಿಯಿದೆಯೆಂದು ತಿಳಿದೊಡನೆ, ಎಲ್ಲಿ, ತಲೆಕೆಳಗಾಗಿ ನಿಂತು ತೋರಿಸಿ ಎಂದು ಸವಾಲೆಸೆದರು. ಮೆನುಹಿನ್ ನಿಂತರು. ಅವರ ಭಂಗಿ ಪ್ರಧಾನಿಗೆ ಒಪ್ಪಿಗೆಯಾಗಲಿಲ್ಲ. ಸರಿಯಾದ ಕ್ರಮವನ್ನು ತಾವೇ ಪ್ರತ್ಯಕ್ಷವಾಗಿ ಮಾಡಿ ತೋರಿಸಿದರು. ರಾಜತಂತ್ರದ ಇತಿಹಾಸದಲ್ಲಿ ಇಂತಹ ಮಾತುಕತೆ ಇನ್ನೊಂದು ನಡೆದಿರಲಾರದು!

ತಕ್ಕ ಗುರುವನ್ನು ಅರಸುತ್ತಿದ್ದ ಮೆನುಹಿನ್ನರಿಗೆ ಮುಂಬಯಿಯಲ್ಲಿ ಭೇಟಿಯಾದವರು ಬೆಳ್ಳೂರು ಕೃಷ್ಣಮಾಚಾರ್ ಸುಂದರರಾಜ ಅಯ್ಯಂಗಾರ್ಯರು. 1918ರ ಡಿಸೆಂಬರಿನಲ್ಲಿ, ಇನ್‌ಫ್ಲುಯೆಂಜಾ ಮಹಾಮಾರಿ ಮನೆಮನೆಯನ್ನೂ ಹೊಕ್ಕಿದ್ದ ಕಾಲದಲ್ಲಿ, ಶಾಲಾ ಉಪಾಧ್ಯಾಯರ ಬಡಕುಟುಂಬದಲ್ಲಿ ಅವರು ಹುಟ್ಟಿದರು. ಬಾಲ್ಯವೆಲ್ಲ ಮಲೇರಿಯಾ, ಟೈಫಾಯ್ಡ್, ಕ್ಷಯಗಳ ಪಾಲಾಯಿತು. ಒಂಬತ್ತನೆಯ ವಯಸ್ಸಿನಲ್ಲಿ ತಂದೆ ತೀರಿಕೊಂಡರು. 1934ರಲ್ಲಿ ಮೈಸೂರಿನ ಭಾವ, ಯೋಗಾಚಾರ್ಯ ತಿರುಮಲೈ ಕೃಷ್ಣಮಾಚಾರ್ಯರು ಈ ಕೃಶಕಾಯದ ಹುಡುಗನನ್ನು ತಮ್ಮಲ್ಲಿಗೆ ಕರೆಸಿಕೊಂಡರು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಜಗನ್ಮೋಹನ ಅರಮನೆಯಲ್ಲಿ ನಡೆಯುತ್ತಿದ್ದ ಯೋಗಶಾಲೆಯೇ ಆತನ ಗುರುಕುಲವಾಯಿತು. ಭಾವನವರ ಶಿಸ್ತು ಕಠೋರವಾದುದು, ಆದರವೆಂಬುದು ಅಪರೂಪ. 1937ರಲ್ಲಿ ಪುಣೆಗೆ ಯೋಗ ಕಲಿಸಲು ಹೋದ ಯುವಕನಿಗೆ ಅಲ್ಲಿಯ ಭಾಷೆ ಬಾರದು, ಕೈಯಲ್ಲಿ ಕಾಸಿಲ್ಲ. ಉಪವಾಸದಲ್ಲಿ ಕಳೆದ ದಿನಗಳೂ ಇದ್ದವು. ಯೋಗವೆಂದರೆ ಬೈರಾಗಿಗಳ ಕಸರತ್ತೆಂದು ನಗುತ್ತಿದ್ದ ಕಾಲವದು. ಒಂದು ಮಾತನ್ನು ಇಲ್ಲಿಯೇ ಸೇರಿಸಬಹುದು: ಯೋಗಶಾಲೆಗೆ ಆಶ್ರಯವಿತ್ತ ಆ ಮೈಸೂರು ಆಸ್ಥಾನವೇ ಪಿಟೀಲಿನ ಚೌಡಯ್ಯನವರಿಗೂ ಆಶ್ರಯವಿತ್ತಿತ್ತು, ಪಾಶ್ಚಾತ್ಯ ವಾದ್ಯವೃಂದವೂ ಅಲ್ಲಿ ನುಡಿಯುತ್ತಿತ್ತು. ಮುಂದೆ ಹಿಮಾಚ್ಛಾದಿತ ಪರ್ವತಗಳ ನಡುವೆ ಒಂದುಗೂಡಲಿದ್ದ ಎರಡು ಧಾರೆಗಳು ಒಂದೇ ಅರಮನೆಯ ಅಂಗಳದಲ್ಲಿ ಅಕ್ಕಪಕ್ಕದಲ್ಲಿ ಹರಿಯುತ್ತಿದ್ದವು.

ಮುಂಬಯಿಯ ಭೇಟಿಗೆ ಗೊತ್ತಾಗಿದ್ದ ಅವಧಿ ಐದೇ ನಿಮಿಷ. ಮೆನುಹಿನ್ ಆಯಾಸದಿಂದ ಬಸವಳಿದಿದ್ದರು. ಅಯ್ಯಂಗಾರ್ಯರು ಆಸನಗಳ ಪ್ರದರ್ಶನಕ್ಕೆ ತೊಡಗದೆ ಅವರನ್ನು ನೆಲದ ಮೇಲೆ ಅಂಗಾತ ಮಲಗಿಸಿ, ತಮ್ಮ ಬೆರಳುಗಳಿಂದ ಅವರ ಇಂದ್ರಿಯದ್ವಾರಗಳನ್ನು ಮೃದುವಾಗಿ ಮುಚ್ಚಿ ವಿಶ್ರಾಂತಿಗೊಳಿಸಿದರು. ವರ್ಷಗಳಿಂದ ನೆಮ್ಮದಿಯ ನಿದ್ರೆ ಕಾಣದಿದ್ದ ಜೀವ ಅಲ್ಲಿಯೇ ನಿದ್ದೆಹೋಯಿತು. ಸುಮಾರು ಒಂದು ಗಂಟೆಯ ನಂತರ ಎಚ್ಚರಗೊಂಡ ಮೆನುಹಿನ್ ಐದು ನಿಮಿಷದ ಮಾತನ್ನೇ ಮರೆತರು. ಅಂದು ಆರಂಭವಾದ ಶಿಷ್ಯತ್ವ ಜೀವಮಾನವಿಡೀ ನಡೆಯಿತು.

1954ರಲ್ಲಿ ಮೆನುಹಿನ್ ತಮ್ಮ ಗುರುವನ್ನು ಸ್ವಿಟ್ಜರ್ಲೆಂಡಿನ ಗ್‌ಶ್ಟಾಡ್ ಎಂಬ ಊರಿಗೆ ಕರೆಸಿಕೊಂಡರು. ಅಯ್ಯಂಗಾರ್ಯರಿಗೆ ಅದು ಪ್ರಥಮ ವಿದೇಶಯಾತ್ರೆ. ಸಮುದ್ರಮಟ್ಟದಿಂದ ಸುಮಾರು 1050 ಮೀಟರ್ ಎತ್ತರದಲ್ಲಿ, ಬೆಟ್ಟಗಳ ಬಟ್ಟಲಿನಲ್ಲಿ ಕುಳಿತಿರುವ ಈ ಊರಿನ ಮನೆಗಳು ಮರದವು. ಸೂರು ಅಗಲವಾಗಿ ಮುಂಚಾಚಿಕೊಂಡಿರುತ್ತದೆ, ಕಿಟಕಿಕಿಟಕಿಗೂ ಹೂವಿನ ತೊಟ್ಟಿ. ಹುಲ್ಲುಗಾವಲುಗಳಿಂದ ಹಸುಗಳ ಕೊರಳಗಂಟೆಯ ಸದ್ದು ತೇಲಿ ಬರುತ್ತದೆ. ಇಂತಹ ಕಡೆಯಲ್ಲಿ ಪಿಟೀಲು ವಾದಕನೊಬ್ಬ ಪ್ರಾತಃಕಾಲದಲ್ಲಿ ಕಮಾನು ಹಿಡಿಯುವ ಮೊದಲು ತ್ರಿಕೋಣಾಸನ, ಸರ್ವಾಂಗಾಸನಗಳನ್ನು ಅಭ್ಯಾಸ ಮಾಡುವ ನೋಟವನ್ನು ಓದುಗರು ಕಲ್ಪಿಸಿಕೊಳ್ಳಬೇಕು.

ಆಸನಕ್ಕೂ ಪಿಟೀಲಿಗೂ ಎಲ್ಲಿಯ ನಂಟೆಂದು ಕೇಳಬಹುದು. ನಮ್ಮ ವಿದ್ವಾಂಸರು ನೆಲದ ಮೇಲೆ ಕುಳಿತು ಪಿಟೀಲಿನ ತುದಿಯನ್ನು ಪಾದದ ಬಳಿ ಊರಿ ನುಡಿಸುತ್ತಾರೆ. ವಾದ್ಯದ ಭಾರವನ್ನು ಕಾಲೇ ಹೊರುತ್ತದೆ. ಪಾಶ್ಚಾತ್ಯ ಪದ್ಧತಿ ಬೇರೆ. ನಿಂತುಕೊಂಡು, ವಾದ್ಯವನ್ನು ಎಡಭುಜ ಮತ್ತು ಗಲ್ಲದ ನಡುವೆ ಹಿಡಿದು, ಕತ್ತನ್ನು ಒಂದು ಕಡೆಗೆ ವಾಲಿಸಿ ಗಂಟೆಗಟ್ಟಲೆ ನುಡಿಸಬೇಕು. ಎಡಭುಜ ಮೇಲಕ್ಕೇರುತ್ತದೆ, ಕುತ್ತಿಗೆಯ ಸ್ನಾಯುಗಳು ಬಿಗಿಯುತ್ತವೆ, ಪಕ್ಕೆಲುಬು ಕುಗ್ಗಿ ಉಸಿರು ಮೊಟಕಾಗುತ್ತದೆ. ಬಾಲ್ಯದಿಂದ ಬಲಿತ ಈ ವಕ್ರತೆ ಕಟ್ಟಕಡೆಗೆ ಕಮಾನಿನ ತುದಿಯಲ್ಲಿ ಪ್ರಕಟವಾಗುತ್ತದೆ. ಬೆರಳಿನ ದೋಷಕ್ಕೆ ಬೆರಳನ್ನು ತಿದ್ದುವವನು ಸಂಗೀತದ ಉಪಾಧ್ಯಾಯ. ಅಯ್ಯಂಗಾರ್ಯರು ಪಾದದಿಂದ ತಿದ್ದಿಕೊಂಡು ಬಂದರು. ನಿಲ್ಲುವುದನ್ನು ಕಲಿಸಿದರು, ಉಸಿರಾಡುವುದನ್ನು ಕಲಿಸಿದರು. ಸಂಗೀತಶಾಸ್ತ್ರದ ಶಿಕ್ಷಣ ಅವರಿಗಿರಲಿಲ್ಲ. ಆದರೆ ಯಾವ ಮೂಳೆ ಎಲ್ಲಿ ಸಿಕ್ಕಿಕೊಂಡಿದೆಯೆಂಬುದನ್ನು ನೋಟಮಾತ್ರದಿಂದ ಹೇಳಬಲ್ಲವರಾಗಿದ್ದರು. ಕೃತಜ್ಞನಾದ ಶಿಷ್ಯ ಅವರಿಗೊಂದು ಕೈಗಡಿಯಾರವನ್ನು ಕಾಣಿಕೆಯಾಗಿ ಕೊಟ್ಟು, ಅದರ ಹಿಂಬದಿಯಲ್ಲಿ ಅಯ್ಯಂಗಾರ್ಯರೇ ತನ್ನ ಅತ್ಯುತ್ತಮ ಪಿಟೀಲು ಗುರುವೆಂಬ ಅರ್ಥ ಬರುವಂತೆ ಕೆತ್ತಿಸಿದ್ದ. ಜೀವನದಲ್ಲಿ ಒಮ್ಮೆಯೂ ಪಿಟೀಲು ನುಡಿಸದವರಿಗೆ ಸಂದ ಬಿರುದು ಇದು!

ಇನ್ನು ಉತ್ಸವದ ಮಾತು. ಚಳಿಗಾಲದಲ್ಲಿ ಹಿಮದಾಟಕ್ಕೆ ಬರುವವರಿಂದ ತುಂಬಿರುತ್ತಿದ್ದ ಗ್‌ಶ್ಟಾಡ್ ಬೇಸಗೆಯಲ್ಲಿ ಬಿಕೋ ಎನ್ನುತ್ತಿತ್ತು. ಊರಿನಲ್ಲಿ ನೆಲೆಸಿದ್ದ ಮೆನುಹಿನ್ನರನ್ನು ಪ್ರವಾಸ ಕಚೇರಿಯವರು ಕೇಳಿಕೊಂಡರು: ಬೇಸಗೆಗೆ ಒಂದು ಕಳೆ ಬರುವಂತೆ ಏನಾದರೂ ಮಾಡಲಾಗದೆ? 1957ರ ಆಗಸ್ಟಿನಲ್ಲಿ ಪಕ್ಕದ ಸಾನೆನ್ ಗ್ರಾಮದ ಹಳೆಯ ಇಗರ್ಜಿಯಲ್ಲಿ ಮೊದಲ ಕಚೇರಿಗಳು ನಡೆದವು. ಬೆಲ್ಸನ್ನಿನಲ್ಲಿ ಜೊತೆಗಿದ್ದ ಬ್ರಿಟನ್, ಗಾಯಕ ಪೀಟರ್ ಪಿಯರ್ಸ್, ಸೆಲ್ಲೋ ವಾದಕ ಮೊರೀಸ್ ಜಾಂಡ್ರೋ ಮೆನುಹಿನ್ನರೊಡನೆ ಕೂಡಿದರು. ಹದಿನೈದನೆಯ ಶತಮಾನದ ಆ ದೇಗುಲದ ಗೋಡೆಗಳ ಮೇಲೆ ಪುರಾತನ ವರ್ಣಚಿತ್ರಗಳಿವೆ. ಒಳಗೆ ಕಟ್ಟಿಗೆಯ ಕೆಲಸ ಹೇರಳವಾಗಿರುವುದರಿಂದ ನಾದ ಕರ್ಕಶವಾಗದೆ, ಹದವಾಗಿ ಮರಳಿ ಬರುತ್ತದೆ. ಹೀಗೆ ಅಂಕುರಿಸಿದ ಉತ್ಸವವನ್ನು ಮೆನುಹಿನ್ 1996ರವರೆಗೆ ತಾವೇ ನಡೆಸಿದರು. ಈಗ ಅದು ಜುಲೈಯಿಂದ ಸೆಪ್ಟೆಂಬರಿನ ಆದಿಯವರೆಗೆ ಹಬ್ಬಿಕೊಂಡಿದೆ. ದೊಡ್ಡ ವಾದ್ಯವೃಂದಗಳಿಗಾಗಿ ವಿಶಾಲವಾದ ಡೇರೆ ಎದ್ದಿದೆ. ಆದರೂ ಬಲ್ಲವರು ಆರಿಸಿಕೊಳ್ಳುವುದು ಇಗರ್ಜಿಯ ಬಿರುಸಾದ ಮರದ ಬೆಂಚನ್ನೇ.

ಈ ಕಣಿವೆಯಲ್ಲಿ ಯೋಗವೂ ತತ್ತ್ವಚಿಂತನೆಯೂ ಬೆಳೆದವು. ಜಿಡ್ಡು ಕೃಷ್ಣಮೂರ್ತಿಯವರು 1961ರಿಂದ 1985ರವರೆಗೆ ಪ್ರತಿ ಬೇಸಗೆಯಲ್ಲಿಯೂ ಸಾನೆನ್ನಿನಲ್ಲಿ ಉಪನ್ಯಾಸ ಮಾಡುತ್ತಿದ್ದರು. ಅವರೂ ಅಯ್ಯಂಗಾರ್ಯರ ಬಳಿ ಆಸನಗಳನ್ನು ಅಭ್ಯಾಸ ಮಾಡಿದವರೇ. ಮೆನುಹಿನ್ನರ ಪರಿಚಯದ ಮೂಲಕ ಅಯ್ಯಂಗಾರ್ಯರಿಗೆ ಲಂಡನ್ನಿನ ಬಾಗಿಲೂ ತೆರೆಯಿತು. 1970ರ ಸುಮಾರಿಗೆ ಅಲ್ಲಿಯ ಸಾರ್ವಜನಿಕ ಶಿಕ್ಷಣ ಮಂಡಳಿಯ ಸಂಜೆತರಗತಿಗಳಲ್ಲಿ ಅವರ ಪದ್ಧತಿಗೆ ಮಾನ್ಯತೆ ದೊರೆಯಿತು. ಆದರೆ ಅಂಗಸಾಧನೆಯನ್ನು ಮಾತ್ರ ಕಲಿಸಬೇಕು, ಅಧ್ಯಾತ್ಮ ಕೂಡದೆಂಬ ಕರಾರಿನ ಮೇಲೆ. ಪಡುವಣದಲ್ಲಿ ಯೋಗ ಮೈಮಾಟದ ಸಾಧನವಾಗಿ ಮಾರಾಟವಾಗುತ್ತಿದೆಯೆಂದು ಕೊರಗುವವರು ಈ ಕರಾರನ್ನೂ ನೆನೆಯಬೇಕು. ಆಗ ಅಯ್ಯಂಗಾರ್ಯರು ಒಪ್ಪದೆ ಹಿಂದಿರುಗಿದ್ದರೆ ಕೊರಗಲು ಸಹ ಇಂದು ವಸ್ತುವಿರುತ್ತಿರಲಿಲ್ಲ. ಮೈಯನ್ನು ಸರಿಯಾಗಿ ನಿಲ್ಲಿಸಿದವನಿಗೆ ಮನಸ್ಸಿನ ಪಾಠ ತಾನಾಗಿ ಬರುತ್ತದೆಂಬ ನಂಬಿಕೆ ಅವರದು.

1966ನೆಯ ವರ್ಷ ಎರಡು ಫಲಗಳನ್ನು ಒಟ್ಟಿಗೆ ಕೊಟ್ಟಿತು. ಮೆನುಹಿನ್ನರ ಮುನ್ನುಡಿಯೊಂದಿಗೆ ಅಯ್ಯಂಗಾರ್ಯರ ‘ಲೈಟ್ ಆನ್ ಯೋಗ’ ಪ್ರಕಟವಾಯಿತು. ಅದೇ ವರ್ಷ ಇಂಗ್ಲೆಂಡಿನ ಬಾತ್ ನಗರದಲ್ಲಿ, ಮೆನುಹಿನ್ನರೇ ನಿರ್ದೇಶಕರಾಗಿದ್ದ ಸಂಗೀತೋತ್ಸವದಲ್ಲಿ, ರವಿಶಂಕರರ ಸಿತಾರಿಗೆ ಜೊತೆಯಾಗಿ ಪಿಟೀಲು ನುಡಿಯಿತು. ಅಲ್ಲಾರಖಾ ಅವರ ತಬಲ, ತಿಲಂಗ್ ರಾಗ. ಬರೆದಿಟ್ಟ ಸ್ವರಗಳ ಆಸರೆಯಲ್ಲಿ ಬೆಳೆದ ವಾದಕನಿಗೆ ಮನೋಧರ್ಮಸಂಗೀತವೆಂದರೆ ಈಜು ಬಾರದವನು ಹೊಳೆಗಿಳಿದಂತೆ. ಐವತ್ತರ ಪ್ರಾಯದಲ್ಲಿ, ಕೀರ್ತಿಯ ಶಿಖರದಲ್ಲಿದ್ದು, ಸಹಸ್ರಾರು ಜನರ ಮುಂದೆ ಹೊಸ ವಿದ್ಯೆಯ ವಿದ್ಯಾರ್ಥಿಯಾಗಿ ನಿಲ್ಲುವ ಧೈರ್ಯ ಎಷ್ಟು ಮಂದಿಗೆ ಬಂದೀತು? ಗಮಕಗಳು ನಮ್ಮವರ ಕಿವಿಗೆ ಪೂರ್ತಿ ತೃಪ್ತಿಯನ್ನು ಕೊಡುವುದಿಲ್ಲ, ನಿಜ; ಪಿಟೀಲು ಅಲ್ಲಲ್ಲಿ ಅಳುಕುತ್ತದೆ. ಆದರೆ ಅಳುಕಿನಲ್ಲಿಯೂ ಒಂದು ವಿನಯದ ಸೊಬಗಿದೆ. 1967ರಲ್ಲಿ ಹೊರಬಂದ ಅವರ ಧ್ವನಿಮುದ್ರಿಕೆಗೆ ಗ್ರ್ಯಾಮಿ ಪ್ರಶಸ್ತಿ ಸಂದಿತು. ಆ ವರ್ಷದ ಡಿಸೆಂಬರಿನಲ್ಲಿ, ಮಾನವಹಕ್ಕುಗಳ ದಿನದಂದು, ಇಬ್ಬರೂ ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ನುಡಿಸಿದರು.

ಬಾತ್ ನಗರಕ್ಕೆ ಅನತಿದೂರದ ಶೆಪ್ಟನ್ ಮ್ಯಾಲೆಟ್ ಎಂಬಲ್ಲಿಯೇ 1982ರಲ್ಲಿ, ಗಾಯಕ ಪೀಟರ್ ಗೇಬ್ರಿಯಲ್ ಮತ್ತು ಆತನ ಸಂಗಡಿಗರಿಂದ, ದೇಶವಿದೇಶಗಳ ಸಂಗೀತವನ್ನು ಒಂದೇ ಬಯಲಿಗೆ ತರುವ ‘ವೋಮ್ಯಾಡ್’ ಮೇಳ ಆರಂಭವಾಯಿತು. ‘ವಿಶ್ವಸಂಗೀತ’ವೆಂಬ ಹೆಸರು ಅಂಗಡಿಗಳ ಕಪಾಟನ್ನೇರಿದ್ದು 1987ರ ಈಚೆಗೆ. ಈಗಂತೂ ಚಾಪೆ ಹಾಸಿ ಆಸನ ಹಾಕಿಸಿ, ಸಂಜೆಗೆ ನಾನಾ ದೇಶದ ವಾದ್ಯಗಳನ್ನು ಕೇಳಿಸುವ ಉತ್ಸವಗಳು ಭೂಮಂಡಲದಲ್ಲೆಲ್ಲ ನಡೆಯುತ್ತವೆ. ಅದೇ 1982ರಲ್ಲಿ ಬರ್ಲಿನ್ ಫಿಲ್ಹಾರ್ಮೋನಿಕ್ ವಾದ್ಯವೃಂದದ ಶತಮಾನೋತ್ಸವದಲ್ಲಿ ಅರುವತ್ತಾರರ ಮೆನುಹಿನ್ ವೇದಿಕೆಯ ಮೇಲೆ ಶೀರ್ಷಾಸನ ಹಾಕಿ, ಬೇಥೋವನ್ನನ ಐದನೆಯ ಸಿಂಫನಿಯ ಆರಂಭವನ್ನು ಪಾದಗಳಿಂದ ನಿರ್ದೇಶಿಸಿದರು. ನೆಹರೂ ತಿದ್ದಿದ ಆಸನ ಅಷ್ಟು ಪಕ್ವವಾಗಿತ್ತು.

ಮೆನುಹಿನ್ 1999ರಲ್ಲಿ ಬರ್ಲಿನ್ನಿನಲ್ಲಿ ಕಾಲವಾದರು. ಅಯ್ಯಂಗಾರ್ಯರು 2014ರಲ್ಲಿ, ತೊಂಬತ್ತೈದರ ವೃದ್ಧಾಪ್ಯದಲ್ಲಿ, ಪುಣೆಯಲ್ಲಿ. ಇಂದು ಉತ್ಸವಕ್ಕೆ ಹೋಗುವ ಪ್ರವಾಸಿಗಳು ಜಿನೀವಾ ಸರೋವರದ ತಟದ ಮಾಂಟ್ರೋ ಪಟ್ಟಣದಿಂದ ಮೀಟರ್‌ಗೇಜ್ ರೈಲನ್ನು ಹಿಡಿಯುತ್ತಾರೆ. ದ್ರಾಕ್ಷಿತೋಟಗಳ ನಡುವೆ ತಿರುವಿ ತಿರುವಿ ಅದು ಮೇಲೇರುತ್ತದೆ. ಗ್‌ಶ್ಟಾಡಿನಲ್ಲಿ ಇಳಿದು ಸಾನೆನ್ ಇಗರ್ಜಿಗೆ ಮತ್ತೆ ರೈಲನ್ನೇ ಹಿಡಿಯಬಹುದು. ಅವಸರವಿಲ್ಲದವರು ನದಿಯ ಅಂಚಿನಲ್ಲಿ ಮೆನುಹಿನ್ನರ ಹೆಸರನ್ನೇ ಹೊತ್ತ ಕಾಲುದಾರಿಯಲ್ಲಿ ನಡೆದು ಹೋಗುತ್ತಾರೆ. ದಾರಿಯುದ್ದಕ್ಕೂ ಕುಳಿತುಕೊಳ್ಳಲು ಬೆಂಚುಗಳಿವೆ, ಆತನ ಮಾತುಗಳನ್ನು ಬರೆದ ಫಲಕಗಳಿವೆ. ಸಾವಧಾನವಾಗಿ ನಡೆದರೂ ಕಚೇರಿಯ ಗಂಟೆಗೆ ಮುಂಚಿತವಾಗಿ ತಲಪಬಹುದು.