ನರನೋವಿಗೆ ಜೋಡಿ ಔಷಧಿ: ಕೂಡಿಸುವವರು ಯಾರು?

ಅಂಗಾಲಿನಲ್ಲಿ ಉರಿ, ಸೂಜಿ ಚುಚ್ಚಿದಂತಹ ನೋವು, ಇರುವೆ ಹರಿದಂತಹ ಜುಮುಗುಡುವಿಕೆ, ಹೊದಿಕೆ ತಾಗಿದರೂ ಸಹಿಸಲಾಗದ ರಾತ್ರಿಗಳು. ಬಹುಕಾಲದ ಮಧುಮೇಹಿಗಳಲ್ಲಿ ಅನೇಕರು ಅನುಭವಿಸುವ ಬಾಧೆಯಿದು. ಇಲ್ಲಿ ಹಾನಿಗೊಂಡಿರುವುದು ನರವೇ ಆದ್ದರಿಂದ ಸಾಮಾನ್ಯ ನೋವಿನ ಮಾತ್ರೆಗಳು ಅಷ್ಟಾಗಿ ಫಲಿಸುವುದಿಲ್ಲ.

ಇದಕ್ಕೆ ಆಧುನಿಕ ವೈದ್ಯರು ಪ್ರಿಗಾಬಲಿನ್, ಡ್ಯುಲೊಕ್ಸೆಟಿನ್, ಅಮಿಟ್ರಿಪ್ಟಿಲಿನ್ ಮುಂತಾದವನ್ನು ಕೊಡುತ್ತಾರೆ. ಒಂದು ಸಾಲದಿದ್ದರೆ ಎರಡನ್ನು ಕೂಡಿಸುತ್ತಾರೆ. ಬ್ರಿಟನ್ನಿನ 13 ಕೇಂದ್ರಗಳಲ್ಲಿ 130 ಮಧುಮೇಹಿಗಳ ಮೇಲೆ ನಡೆದ ಅಧ್ಯಯನವೊಂದು 2022ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಮೊದಲು ಒಂದೇ ಔಷಧಿ. 6 ವಾರಗಳಾದರೂ ನೋವು ಸಾಕಷ್ಟು ತಗ್ಗದವರಿಗೆ ಮಾತ್ರ ಎರಡನೆಯದು. ಯಾವ ಜೋಡಿಯೂ ಮತ್ತೊಂದನ್ನು ಮೀರಿಸಲಿಲ್ಲ; ಆದರೆ ಒಂದರಿಂದ ಗುಣ ಕಾಣದವರಿಗೆ ಜೋಡಿಯಿಂದ ಇನ್ನಷ್ಟು ಉಪಶಮನ ದೊರೆಯಿತು.

ನಾವು ಕಲಿತ ಆಯುರ್ವೇದಕ್ಕೂ ಇದು ಹೊಸತಲ್ಲ. ಯೋಗರಾಜ ಗುಗ್ಗುಳುವಿನಂತಹ ಯೋಗಗಳಲ್ಲಿ ಅನೇಕ ದ್ರವ್ಯಗಳು ಕೂಡಿರುತ್ತವೆ. ಆದರೆ ಅಲ್ಲಿಯೂ ಇಲ್ಲಿಯೂ ಕೂಡಿಸುವ ಕೆಲಸ ವೈದ್ಯನದು, ರೋಗಿಯದಲ್ಲ.

ಕೆಲವು ವರ್ಷಗಳ ಹಿಂದೆ ಹಿರಿಯರೊಬ್ಬರು ನಮ್ಮಲ್ಲಿಗೆ ಬಂದಿದ್ದರು. ರಾತ್ರಿ ಎದ್ದಾಗ ತಲೆತಿರುಗಿ ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದರು. ಅವರ ಚೀಲವನ್ನು ಬಿಚ್ಚಿಸಿದೆವು. ಇಬ್ಬರು ವೈದ್ಯರು ಬರೆದ ಎರಡು ಹೆಸರಿನ ಮಾತ್ರೆಗಳು, ಎರಡರಲ್ಲಿಯೂ ಪ್ರಿಗಾಬಲಿನ್! ಒಂದರಲ್ಲಿ ಅದರೊಡನೆ ಮೀಥೈಲ್‌ಕೋಬಾಲಮಿನ್, ಅಂದರೆ ಬಿ12 ಜೀವಸತ್ವ, ಸೇರಿತ್ತು. 'ಅದು ಬರೀ ಶಕ್ತಿಯ ಮಾತ್ರೆಯೆಂದುಕೊಂಡಿದ್ದೆ' ಎಂದರು. ನಾವೇ ಅವರ ವೈದ್ಯರಿಗೆ ವಿಷಯ ತಿಳಿಸಿದೆವು; ಅವರು ಪ್ರಮಾಣವನ್ನು ಸರಿಪಡಿಸಿದರು.

ಆದ್ದರಿಂದ ಸದ್ಭಕ್ತರಲ್ಲಿ ನಮ್ಮ ವಿನಂತಿಯಿಷ್ಟು. ಮಾತ್ರೆಯ ಹೊದಿಕೆಯ ಮೇಲಿರುವ ಒಳದ್ರವ್ಯಗಳ ಹೆಸರನ್ನು ಓದಿರಿ, ಇಲ್ಲವೇ ಮನೆಯ ಮಕ್ಕಳಿಂದ ಓದಿಸಿರಿ. ಪ್ರಿಗಾಬಲಿನ್ ದೇಹದಿಂದ ಹೊರಹೋಗುವುದು ಮೂತ್ರಪಿಂಡಗಳ ಮೂಲಕ. ಅವು ದುರ್ಬಲವಾಗಿದ್ದರೆ ಪ್ರಮಾಣ ತಗ್ಗಬೇಕು. ಅಮಿಟ್ರಿಪ್ಟಿಲಿನ್ ಸೇವಿಸುವ ಮುನ್ನ ಹೃದ್ರೋಗ, ಮೂತ್ರದ ತಡೆ, ಗ್ಲಾಕೋಮಾ ಇದ್ದರೆ ತಿಳಿಸಬೇಕು. ಮೆಟ್‌ಫಾರ್ಮಿನ್ ಬಹುಕಾಲ ಸೇವಿಸಿದವರಲ್ಲಿ ಬಿ12 ಕಡಿಮೆಯಾಗಬಹುದು. ರಕ್ತಪರೀಕ್ಷೆಯಿಂದ ಅದು ತಿಳಿಯುತ್ತದೆ. ನೋವು ತಗ್ಗಿತೆಂದು ಈ ಔಷಧಿಗಳನ್ನು ಒಮ್ಮೆಲೇ ನಿಲ್ಲಿಸಬಾರದು. ವೈದ್ಯರ ಸಲಹೆಯಂತೆ ಹಂತಹಂತವಾಗಿ ತಗ್ಗಿಸಬೇಕು.

ನಮ್ಮ ಕಷಾಯ, ಗುಳಿಗೆಗಳನ್ನು ಸೇವಿಸುವವರು ಅದನ್ನು ಆ ವೈದ್ಯರಿಗೂ, ಅವರ ಮಾತ್ರೆಗಳನ್ನು ನಮಗೂ ಹೇಳಬೇಕು. ಮುಂದಿನ ಸಲ ಯಾವ ವೈದ್ಯರಲ್ಲಿಗೆ ಹೋದರೂ ಮನೆಯಲ್ಲಿರುವ ಎಲ್ಲ ಔಷಧಿಗಳನ್ನೂ ಒಂದೇ ಚೀಲದಲ್ಲಿ ಕೊಂಡೊಯ್ಯಿರಿ. ಮುಚ್ಚಿಟ್ಟ ಮಾತ್ರೆಯ ಪರಿಣಾಮವನ್ನು ಯಾವ ವೈದ್ಯನೂ ಊಹಿಸಲಾರನು.