ಜಾತ್ರೆಗೆ ಹೊರಟವರು ಹೊಲದಲ್ಲಿ ಉಳಿದೆವು!

ಸೋದರಿಯರೇ, ಜಾತ್ರೆಗೆ ಹೊರಡುವ ಮುಂಚಿನ ರಾತ್ರಿ ಯಾವ ಗೃಹಿಣಿಗಾದರೂ ನಿದ್ರೆ ಬರುತ್ತದೆಯೇ? ರೊಟ್ಟಿ ಎಷ್ಟು, ಚಾದರ ಎಷ್ಟು, ಕೂಸಿನ ಹಾಲಿಗೇನು ಎಂದು ಲೆಕ್ಕ ಹಾಕುವುದರಲ್ಲೇ ಕೋಳಿ ಕೂಗಿಬಿಡುತ್ತದೆ. ನಾನೂ ಎಲ್ಲ ಲೆಕ್ಕ ಹಾಕಿದ್ದೆ. ಆದರೆ ಎರಡು ತಪ್ಪಿದವು. ಒಂದು ಟೆಂಪೋದ್ದು, ಇನ್ನೊಂದು ನಮ್ಮ ಅತ್ತೆಯವರದು.

ಅದು 2025ರ ಜನವರಿ 13. ಅಂದು ಭೋಗಿ, ಬನದ ಹುಣ್ಣಿಮೆಯೂ ಅಂದೇ ಬಿದ್ದಿತ್ತು. ಮರುದಿನ ಸಂಕ್ರಾಂತಿಗೆ ಯಾದಗಿರಿ ಹತ್ತಿರದ ಮೈಲಾಪುರದಲ್ಲಿ ಮೈಲಾರಲಿಂಗೇಶ್ವರನ ಜಾತ್ರೆ. ಸುರಪುರದಿಂದ ನಾವು ಹೊರಟವರು ಹನ್ನೊಂದು ಮಂದಿ: 79 ವರ್ಷದ ಅತ್ತೆಯವರು, ನಾವಿಬ್ಬರು, ಮೈದುನ, ನೆಗೆಣ್ಣಿ, ಅವರ ಮೂರು ಮಕ್ಕಳು, ನನ್ನ ಮಗಳು, ಅಳಿಯ ಮತ್ತು ಒಂಬತ್ತು ತಿಂಗಳ ಮೊಮ್ಮಗ. ಬೆಳಿಗ್ಗೆ ಹೋಗಿ ಸಂಜೆಗೆ ಬಂದುಬಿಡೋಣ ಎಂದರೆ ಅತ್ತೆಯವರು ಒಪ್ಪುವವರಲ್ಲ. ಬಯಲಲ್ಲಿ ಒಲೆ ಹೂಡಬೇಕು, ರಾತ್ರಿ ಅಲ್ಲೇ ಮಲಗಬೇಕು. “ಮುಖಾ ತೋರ್ಸಿ ಬರಾಕ ಅದೇನು ಕಚೇರಿ ಏನವ್ವಾ?” ಎಂದರು. ಸರಿ, ತಾಡಪತ್ರಿ, ಕೌದಿ, ಪಾತ್ರೆ, ಹಿಟ್ಟು ಎಲ್ಲ ಟೆಂಪೋ ಏರಿದವು. ನಮ್ಮವರು “ಮನಿ ಖಾಲಿ ಮಾಡಿ ಹೊಂಟೀವೇನು?” ಎಂದು ನಕ್ಕರು. ಆಮೇಲೆ ಅವರೇ ಎರಡು ಕೌದಿ ಹೊದ್ದು ಮಲಗಿದ್ದು ಬೇರೆ ಮಾತು.

ಬುತ್ತಿಯ ವಿಷಯ ಹೇಳಿಬಿಡುತ್ತೇನೆ. ನಮ್ಮ ಕಡೆ ಭೋಗಿಗೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಆಗಲೇಬೇಕು. ಸಜ್ಜಿ ಹಿಟ್ಟು ಹೊಸದಾಗಿರಬೇಕು, ಹಳೆಯದಾದರೆ ಕಹಿ. ಕುದಿಯುವ ನೀರು ಹಾಕಿ ಚೆನ್ನಾಗಿ ನಾದಿ, ತೆಳ್ಳಗೆ ತಟ್ಟಿ, ಮೇಲೆ ಎಳ್ಳು ಒತ್ತಿ ಹಂಚಿನ ಮೇಲೆ ಸುಡಿರಿ. ಆಮೇಲೆ ಒಲೆಯ ಬದಿಗೆ ನಿಲ್ಲಿಸಿ ಕಡಕ್ ಮಾಡಿ, ಪೂರ್ತಿ ಆರಿದ ಮೇಲೆ ಅರಿವೆಯಲ್ಲಿ ಕಟ್ಟಿದರೆ ಎಂಟು ದಿನ ಕೆಡುವುದಿಲ್ಲ. ಬಿಸಿಯಲ್ಲೇ ಕಟ್ಟಿದಿರೋ, ಮರುದಿನ ಮೆತ್ತಗಾಗಿ ಮುಗ್ಗುತ್ತದೆ. ಜೊತೆಗೆ ಶೇಂಗಾ ಹಿಂಡಿ, ಪುಂಡಿ ಪಲ್ಯ, ಶೇಂಗಾ ಹೋಳಿಗೆ. ದಾರಿಯ ಅಡಿಗೆಗೆಂದು ಒಂದು ಬೆಲ್ಲದ ಉಂಡೆಯನ್ನೂ ಹಾಕಿಕೊಂಡಿದ್ದೆ. ಆ ಬೆಲ್ಲವನ್ನು ನೆನಪಿನಲ್ಲಿಡಿ.

ಬೆಳಿಗ್ಗೆ ಅತ್ತೆಯವರಿಗೆ ಸಕ್ಕರೆ ಕಾಯಿಲೆಯ ಮಾತ್ರೆ ಕೊಟ್ಟೆ. ಮಾತ್ರೆ ನುಂಗಿ ಚಹಾ ಕುಡಿದರು. ಉಪ್ಪಿಟ್ಟಿನ ತಾಟು ಮುಂದಿಟ್ಟರೆ, ಹುಣ್ಣಿಮೆ ಇದೆ, ಯಾದಗಿರಿಯಲ್ಲಿ ಭೀಮಾ ನದಿಯ ಸ್ನಾನ ಆದ ಮೇಲೆಯೇ ಊಟ ಎಂದರು. ಹನ್ನೆರಡಕ್ಕೆಲ್ಲ ನದಿ ಮುಟ್ಟುತ್ತೇವಲ್ಲ ಎಂದು ನಾನೂ ಸುಮ್ಮನಾದೆ. ಆ ಸುಮ್ಮನಿದ್ದದ್ದೇ ನನ್ನ ತಪ್ಪು.

ಶಹಾಪುರ ದಾಟುವಾಗ ಹುಡುಗರು ಬುದ್ಧ ಮಲಗಿದಂತಿರುವ ಗುಡ್ಡ ನೋಡಲು ಕಿಟಕಿಗೆ ಮುತ್ತಿದ್ದರು. ದೋರನಹಳ್ಳಿ ದಾಟಿ ಸ್ವಲ್ಪ ಹೋಗುವುದರಲ್ಲಿ ಮುಂದಿನಿಂದ ಪಟ್ ಎಂದು ಸಪ್ಪಳ. ಎರಡು ನಿಮಿಷಕ್ಕೆ ಬಾನೆಟ್ಟಿನಿಂದ ಬುಸುಬುಸು ಉಗಿ! ಮೈದುನ ಇಳಿದವನೇ ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಿದ. ನಮ್ಮವರು ಓಡಿ ಹೋಗಿ ಅವನ ಕೈ ಎಳೆದರು. ಬಿಸಿಯಿದ್ದಾಗ ತೆಗೆದರೆ ಕುದಿನೀರು ಚಿಮ್ಮಿ ಮುಖ ಸುಟ್ಟುಹೋಗುತ್ತದೆ. ಇಂಜಿನ್ ಪೂರ್ತಿ ಆರುವವರೆಗೆ ಮುಟ್ಟಬಾರದು. ಹರಿದದ್ದು ಫ್ಯಾನ್ ಬೆಲ್ಟ್. ನಮ್ಮ ಟೆಂಪೋದಲ್ಲಿ ಇಂಜಿನ್ನಿಗೆ ನೀರು ತಿರುಗಿಸುವ ಪಂಪು ನಡೆಯುವುದೂ ಅದರಿಂದಲೇ. ಹೊರಡುವ ಮುನ್ನ ನೋಡಿದ್ದರೆ ಬೆಲ್ಟಿನ ಬಿರುಕು ಕಾಣುತ್ತಿತ್ತಂತೆ. ನಾವು ನೋಡಿದ್ದು ಟೆಂಪೋಕ್ಕೆ ಕಟ್ಟಿದ ಹೂವಿನ ಮಾಲೆಯನ್ನು!

ಬೆಲ್ಟಿನ ಬದಲು ನೂಲಿನ ಹಗ್ಗ ಬಿಗಿದು ನೋಡಿದರು. ಹತ್ತು ಮಾರು ಹೋಗುವುದರೊಳಗೆ ಅದೂ ಕಡಿಯಿತು. ಹಬ್ಬದ ದಿನ, ಫೋನು ಮಾಡಿದ ಮೆಕ್ಯಾನಿಕ್ಕುಗಳೆಲ್ಲ ಊರಿಗೆ ಹೋಗಿದ್ದರು. ಗಂಡಸರೆಲ್ಲ ಬಾನೆಟ್ಟಿನೊಳಗೆ ತಲೆ ಹಾಕಿದ್ದರು. ನಾನು ಅಳುವ ಕೂಸನ್ನು ಎತ್ತಿಕೊಂಡು ಬೇವಿನ ಮರದ ಕೆಳಗೆ ಅಡ್ಡಾಡುತ್ತಿದ್ದೆ. ಹೊತ್ತು ಎರಡು ಗಂಟೆ ದಾಟಿದ್ದು ಯಾರಿಗೂ ಗೊತ್ತಾಗಲಿಲ್ಲ.

“ದೊಡ್ಡವ್ವಾ, ಆಯಿ ಹೆಂಗೋ ಮಾತಾಡಾಕತ್ಯಾಳ” ಎಂದು ಕೂಗಿದವಳು ಪಿಯುಸಿ ಓದುವ ಮೈದುನನ ಮಗಳು. ಹೋಗಿ ನೋಡಿದರೆ ಅತ್ತೆಯವರ ಕುಪ್ಪಸ ಬೆವರಿನಿಂದ ತೊಯ್ದುಹೋಗಿದೆ, ಕೈ ನಡುಗುತ್ತಿದೆ. ಮಾತು ತೊದಲುತ್ತಿದೆ. ನನ್ನ ಮುಖ ನೋಡಿ “ನೀ ಯಾರ ಮಗಳವ್ವಾ?” ಎಂದರು. 24 ವರ್ಷ ಒಂದೇ ಒಲೆಯ ಮುಂದೆ ಕುಳಿತವರು! ನನ್ನ ಜೀವ ಬಾಯಿಗೆ ಬಂತು. ಬಿಸಿಲು ಬಡಿದಿರಬೇಕೆಂದು ನೆಗೆಣ್ಣಿ ತಲೆಗೆ ನೀರು ತಟ್ಟತೊಡಗಿದಳು. ನನಗೆ ಆಗ ಕಣ್ಣ ಮುಂದೆ ಬಂದದ್ದು ಮುಂಜಾನೆ ಮುಟ್ಟದೇ ಬಿಟ್ಟ ಉಪ್ಪಿಟ್ಟಿನ ತಾಟು. ಬೆಲ್ಲ ಕುಟ್ಟಿ ನೀರಿನಲ್ಲಿ ಕದಡಿ, ಅವರನ್ನು ಎದೆಗೆ ಒರಗಿಸಿಕೊಂಡು ಗುಟುಕು ಗುಟುಕಾಗಿ ಕುಡಿಸಿದೆ. ಅಳಿಯ 108ಕ್ಕೆ ಫೋನು ಹಚ್ಚಲು ಸಿದ್ಧನಾಗಿ ನಿಂತಿದ್ದ. ಕಾಲು ಗಂಟೆಯಲ್ಲಿ ಬೆವರು ನಿಂತಿತು. ಕಣ್ಣು ತಿಳಿಯಾದವು. “ಭೀಮಾ ಬಂತೇನು?” ಎಂದು ಕೇಳಿದರು. ನಾನು ನಕ್ಕೆನೋ ಅತ್ತೆನೋ ನನಗೇ ತಿಳಿಯದು. ಕೂಡಲೇ ರೊಟ್ಟಿ ಮುರಿದು ಮೊಸರಿನಲ್ಲಿ ನೆನೆಸಿ ಉಣ್ಣಿಸಿದೆ. ಅತ್ತೆಯವರು ಮರುಮಾತಾಡದೆ ಉಂಡರು.

ಮರುದಿನ ಯಾದಗಿರಿಯಲ್ಲಿ ತೋರಿಸಿದಾಗ ಡಾಕ್ಟರರು ನನಗೇ ಚೆನ್ನಾಗಿ ಬೈದರು. ಕೆಲವು ಮಾತ್ರೆಗಳು, ಹಾಗೆಯೇ ಇನ್ಸುಲಿನ್, ಉಣ್ಣದೆ ಇದ್ದರೆ ರಕ್ತದ ಸಕ್ಕರೆಯನ್ನು ತೀರ ಕೆಳಗಿಳಿಸುತ್ತವೆ. ಬೆವರು, ನಡುಕ, ಗಲಿಬಿಲಿ, ತೊದಲು ಅದರ ಗುರುತು. ಎಚ್ಚರವಿದ್ದು ನುಂಗಬಲ್ಲವರಿಗೆ ತಕ್ಷಣ ಮೂರು-ನಾಲ್ಕು ಚಮಚ ಸಕ್ಕರೆಯನ್ನೋ ಅಷ್ಟೇ ಬೆಲ್ಲವನ್ನೋ ನೀರಿನಲ್ಲಿ ಕೊಡಬೇಕು. ಹದಿನೈದು ನಿಮಿಷಕ್ಕೆ ಸರಿಯಾಗದಿದ್ದರೆ ಮತ್ತೊಮ್ಮೆ, ಚೇತರಿಸಿದ ಮೇಲೆ ಊಟ. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಬಾರದು, ಉಸಿರಿಗೆ ಅಡ್ಡ ಬಂದೀತು. ನೇರ ಆಸ್ಪತ್ರೆಗೇ ಹೋಗಬೇಕು. ಉಪವಾಸವಿದ್ದರೆ ಮಾತ್ರೆ ಹೇಗೆಂದು ಮುಂಚಿತವಾಗಿ ಡಾಕ್ಟರರನ್ನೇ ಕೇಳಿರಿ. ನೆರೆಮನೆಯವರ ಮಾತ್ರೆ ಬೇರೆ, ನಿಮ್ಮವರದು ಬೇರೆ.

ಸಂಜೆಗೆ ಮೈದುನ ಬಸ್ಸು ಹಿಡಿದು ಬೆಲ್ಟು ತರಲು ಯಾದಗಿರಿಗೆ ಹೋದ. ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ, ಎಲ್ಲ ಜಾತ್ರೆಯ ಜನ. ಅವರ ಜೊತೆ ನೀವಾದರೂ ಹೋಗಿರೆಂದರೆ ಅತ್ತೆಯವರು ಜಗ್ಗಲಿಲ್ಲ. ಪಕ್ಕದ ಹೊಲದವರನ್ನು ಕೇಳಿ ಅಲ್ಲೇ ಬೀಡುಬಿಟ್ಟೆವು. ಆ ಮನೆಯಾಕೆ ಒಂದು ಹೊರೆ ತೊಗರಿ ಕಟ್ಟಿಗೆ, ಎರಡು ಕೊಡ ನೀರು ಕೊಟ್ಟು, ಬಣವಿಯ ಹತ್ತಿರ ಮಲಗಬೇಡಿರಿ, ಇಲಿ ಹುಡುಕಿಕೊಂಡು ಹಾವು ಬರುತ್ತವೆ ಎಂದು ಎಚ್ಚರಿಸಿದಳು. ಟೆಂಪೋದಿಂದ ಬೇವಿನ ಮರಕ್ಕೆ ತಾಡಪತ್ರಿ ಕಟ್ಟಿ, ಮೂರು ಕಲ್ಲು ಹೂಡಿ ಅನ್ನ-ಸಾರು ಮಾಡಿದೆವು. ಹುಣ್ಣಿಮೆಯ ಬೆಳಕಿಗೆ ಹತ್ತಿಯ ಹೊಲವೆಲ್ಲ ಬೆಳ್ಳಗೆ ಕಾಣುತ್ತಿತ್ತು. ಅತ್ತೆಯವರು ಕೌದಿ ಹೊದ್ದು ಹುಡುಗರಿಗೆ ಹಿಂದಿನ ಬಂಡಿಯ ಪ್ರಯಾಣದ ಕಥೆ ತೆಗೆದರು.

“ನಿಮ್ಮ ಮುತ್ಯಾನ ಬಂಡೀನೂ ಹಿಂಗೇ ನಿಂತಿತ್ತು. ಮಳಿ ಹೋಗಿ ಮೂರು ತಿಂಗಳಾದ್ರ ಗಾಲಿ ಕಟ್ಟಿಗಿ ಒಣಗಿ ಕುಗ್ತದ, ಮ್ಯಾಲಿನ ಕಬ್ಬಿಣದ ಹಳಿ ಸಡ್ಲಾಗ್ತದ. ಗಾಲಿ ಬಿಚ್ಚಿ ರಾತ್ರಿಯೆಲ್ಲ ಹಳ್ಳದಾಗ ನೆನಿ ಹಾಕಿದ್ರು. ಕಟ್ಟಿಗಿ ಉಬ್ಬಿ ಮುಂಜಾನಿಗೆ ಹಳಿ ಬಿಗಿ ಆತು.”

“ಹಂಗಾರ ಟೆಂಪೋನೂ ನೆನಿ ಹಾಕೋಣೇನ್ ಆಯಿ?” ಎಂದ ಸಣ್ಣ ಹುಡುಗ. ಎಲ್ಲರೂ ನಕ್ಕೆವು. ನಾನು ಮಾತ್ರ ರಾತ್ರಿ ನಾಲ್ಕು ಸಲ ಎದ್ದು ಅತ್ತೆಯವರ ಕೊರಳು ಮುಟ್ಟಿ ಬೆವರಿದೆಯೇ ಎಂದು ನೋಡಿದೆ. ನಾಲ್ಕನೆಯ ಸಲ ಕಣ್ಣು ಮುಚ್ಚಿಕೊಂಡೇ, “ಸತ್ತಿಲ್ಲ, ಮಲಗವ್ವಾ” ಎಂದರು.

ಬೆಳಿಗ್ಗೆ ಬೆಲ್ಟು ಬಂತು, ಟೆಂಪೋ ಎದ್ದಿತು. ಮೊದಲು ಬಿಸಿ ಉಪ್ಪಿಟ್ಟು, ಆಮೇಲೆ ಮಾತ್ರೆ, ಆಮೇಲೆ ಭೀಮಾ ಸ್ನಾನ! ಮೈಲಾಪುರದ ದಾರಿಯಲ್ಲಿ ಪೊಲೀಸರು ನಮ್ಮ ಸೀಟಿನ ಕೆಳಗೆಲ್ಲ ನೋಡಿದರು. ಪಲ್ಲಕ್ಕಿಯ ಮೇಲೆ ಕುರಿಮರಿ ಎಸೆಯುವುದನ್ನು ನಿಷೇಧಿಸಿದ್ದಾರಲ್ಲ, ಅದಕ್ಕೆ. ಅವರಿಗೆ ಸಿಕ್ಕಿದ್ದು ನಮ್ಮ ಮಸಿ ಹಿಡಿದ ಪಾತ್ರೆಗಳು. ನೂಕುನುಗ್ಗಲಿನಲ್ಲಿ ಹತ್ತಿರ ಹೋಗಲಾಗಲಿಲ್ಲ. ದೂರದಿಂದಲೇ ಅತ್ತೆಯವರು ಭಂಡಾರ ತೂರಿ “ಏಳು ಕೋಟಿ” ಎಂದು ಕೂಗಿದ ದನಿ ಕೇಳಿ ಪಕ್ಕದವರೂ ತಿರುಗಿ ನೋಡಿದರು.

ಈಗ ಟೆಂಪೋದ ಸೀಟಿನ ಕೆಳಗೆ ಇನ್ನೊಂದು ಬೆಲ್ಟು ಇರುತ್ತದೆ. ಅತ್ತೆಯವರ ಸೆರಗಿನ ತುದಿಗೆ ನಾನೇ ಒಂದು ತುಂಡು ಬೆಲ್ಲ ಗಂಟು ಹಾಕುತ್ತೇನೆ. ಇರುವೆ ಮುತ್ತುತ್ತವೆಂದು ದಿನವೂ ಬಯ್ಯುತ್ತಾರೆ, ಆದರೆ ಗಂಟು ಬಿಚ್ಚುವುದಿಲ್ಲ.