ಎಚ್‌ಆರ್ ಅಂದರೆ ಹಳೇ ಪರ್ಸನಲ್ ಆಫೀಸಿನ ಹೊಸ ಬೋರ್ಡ್ ಅಷ್ಟೇನಾ?

ಕಂಪನಿಗಳ ಎಚ್‌ಆರ್ ವಿಭಾಗದ ಬಗ್ಗೆ ವಾಟ್ಸ್‌ಆ್ಯಪ್‌ನಲ್ಲಿ ಎರಡು ಬಗೆಯ ಸಂದೇಶಗಳು ಓಡಾಡುತ್ತವೆ. ಒಂದು ತಮಾಷೆಯದು: ಹಳೇ ಪರ್ಸನಲ್ ಮ್ಯಾನೇಜರ್‌ಗೇ ಟೈ ಕಟ್ಟಿ ಎಚ್‌ಆರ್ ಎಂದು ಕೂರಿಸಿದ್ದಾರೆ, ಕೆಲಸವೆಲ್ಲ ಅದೇ ಎನ್ನುವುದು. ಇನ್ನೊಂದು ಗಂಭೀರವಾದದ್ದು: ಎಚ್‌ಆರ್ ಇರುವುದೇ ನೌಕರರ ಕಷ್ಟ ಕೇಳಲು, ಏನೇ ಆದರೂ ಅಲ್ಲಿ ಹೇಳಿದರೆ ಸಾಕು ಎನ್ನುವುದು.

ಗೌರಿಬಿದನೂರಿನ ಗಾರ್ಮೆಂಟ್ಸ್‌ಗೆ ಹೊಸದಾಗಿ ಸೇರುವ ಹುಡುಗಿಗೂ ಚಿಂತಾಮಣಿಯಿಂದ ಕೋಲಾರದ ಕಡೆಯ ಕಾರ್ಖಾನೆಗೆ ಹೋಗುವ ಐಟಿಐ ಹುಡುಗನಿಗೂ ಇದು ಬರೀ ತಮಾಷೆಯ ವಿಷಯವಲ್ಲ. ಸಂಬಳ ತಪ್ಪಿದಾಗ ಯಾವ ಬಾಗಿಲು ತಟ್ಟಬೇಕು, ಆ ಬಾಗಿಲಿನ ಹಿಂದೆ ಇರುವವರ ಕೆಲಸವೇನು ಎಂಬುದು ಗೊತ್ತಿರಬೇಕು. ಹಾಗಾಗಿ ಈ ಎರಡೂ ಮಾತುಗಳನ್ನು ಪರಿಶೀಲಿಸೋಣ.

ಚಿಕ್ಕ ಉತ್ತರ: ಎರಡೂ ಅರ್ಧ ಸತ್ಯ. ಸಿಬ್ಬಂದಿ ನಿರ್ವಹಣೆಗೂ ಮಾನವ ಸಂಪನ್ಮೂಲ ನಿರ್ವಹಣೆಗೂ ನಿಜವಾದ ವ್ಯತ್ಯಾಸವಿದೆ. ಆದರೆ ಹಳೆಯದರ ಬುನಾದಿ ಇಲ್ಲದೆ ಹೊಸದು ನಿಲ್ಲುವುದಿಲ್ಲ.

ಮೊದಲು ಇದ್ದದ್ದು ಮೇಸ್ತ್ರಿ

ಪರ್ಸನಲ್ ಆಫೀಸ್ ಬರುವ ಮುಂಚೆ ಕೆಲಸಕ್ಕೆ ಜನ ಹೇಗೆ ಸಿಗುತ್ತಿದ್ದರು? ಶಿಡ್ಲಘಟ್ಟದ ರೇಷ್ಮೆ ನೂಲು ಬಿಚ್ಚಾಣಿಕೆ ಘಟಕಗಳನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ. ಪರಿಚಯದವರ ಮೂಲಕ ಸೇರುವುದು, ಮದುವೆಗೋ ಆಸ್ಪತ್ರೆಗೋ ಮಾಲೀಕರ ಹತ್ತಿರ ಮುಂಗಡ ಪಡೆಯುವುದು, ಅದು ತೀರುವ ತನಕ ಅಲ್ಲೇ ದುಡಿಯುವುದು. ಸಂಬಂಧವೆಲ್ಲ ಬಾಯಿಮಾತಿನದು. ಕಾಗದ ಇಲ್ಲ, ರಜೆಯ ಲೆಕ್ಕವಿಲ್ಲ. ಸಾಲ ತೀರಿಸಲೆಂದು ಬಲವಂತವಾಗಿ ದುಡಿಸಿಕೊಳ್ಳುವುದನ್ನು 1976ರ ಜೀತ ಪದ್ಧತಿ ನಿರ್ಮೂಲನಾ ಕಾಯ್ದೆ ಅಪರಾಧವೆನ್ನುತ್ತದೆ.

ನೂರು ವರ್ಷದ ಹಿಂದೆ ದೇಶದ ದೊಡ್ಡ ಗಿರಣಿಗಳಲ್ಲೂ ಹೆಚ್ಚು ಕಡಿಮೆ ಇದೇ ಸ್ಥಿತಿ. ಸೇರಿಸುವವನೂ ತೆಗೆಯುವವನೂ ಮೇಸ್ತ್ರಿಯೇ. ಅವನಿಗೆ ಮಾಮೂಲು ಕೊಡದಿದ್ದರೆ ಕೆಲಸವಿಲ್ಲ. ಬ್ರಿಟಿಷ್ ಸರ್ಕಾರ 1929ರಲ್ಲಿ ನೇಮಿಸಿದ ಕಾರ್ಮಿಕರ ರಾಯಲ್ ಆಯೋಗ 1931ರ ವರದಿಯಲ್ಲಿ ಈ ಅಧಿಕಾರವನ್ನು ಮೇಸ್ತ್ರಿಗಳ ಕೈಯಿಂದ ತೆಗೆದು ಕಾರ್ಮಿಕ ಅಧಿಕಾರಿಗಳಿಗೆ ಕೊಡಿ ಎಂದು ಸಲಹೆ ನೀಡಿತು. ನಮ್ಮಲ್ಲಿ ಸಿಬ್ಬಂದಿ ನಿರ್ವಹಣೆಯ ಬೇರು ಇರುವುದು ಇಲ್ಲಿ. ಇಂಗ್ಲೆಂಡಿನಲ್ಲಿ ಅದು ಇನ್ನೂ ಹಳೆಯದು: ಯಾರ್ಕ್ ನಗರದ ರೌನ್‌ಟ್ರೀ ಚಾಕೊಲೇಟ್ ಕಾರ್ಖಾನೆ 1896ರಲ್ಲೇ ಮೇರಿ ವುಡ್ ಎಂಬ ಮಹಿಳೆಯನ್ನು ಕಾರ್ಮಿಕರ ಕ್ಷೇಮ ನೋಡಿಕೊಳ್ಳಲು ನೇಮಿಸಿತ್ತು.

ಸ್ವಾತಂತ್ರ್ಯದ ಆಸುಪಾಸಿನಲ್ಲಿ ಇದಕ್ಕೆ ಕಾನೂನಿನ ಚೌಕಟ್ಟು ಸಿಕ್ಕಿತು. 1946ರ ಸ್ಥಾಯಿ ಆದೇಶಗಳ ಕಾಯ್ದೆ ಕೆಲಸದ ನಿಯಮಗಳನ್ನು ಬರೆದಿಡಿ ಎಂದಿತು. 1948ರ ಕಾರ್ಖಾನೆಗಳ ಕಾಯ್ದೆ 500 ಅಥವಾ ಹೆಚ್ಚು ಕಾರ್ಮಿಕರಿರುವ ಕಡೆ ಕಲ್ಯಾಣಾಧಿಕಾರಿ ಇರಲೇಬೇಕು ಎಂದಿತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಸಂಹಿತೆಯಲ್ಲಿ ಆ ಮಿತಿ 250ಕ್ಕೆ ಇಳಿದಿದೆ.

ಅಂದರೆ ಪರ್ಸನಲ್ ಆಫೀಸ್ ಎಂದರೆ ರಿಜಿಸ್ಟರ್: ಹಾಜರಾತಿ, ರಜೆ, ಪಿಎಫ್, ಮೆಮೊ, ಯೂನಿಯನ್ ಜೊತೆ ಮಾತುಕತೆ. ನೀರಸ ಎನ್ನಿಸಬಹುದು. ಆದರೆ ಮೇಸ್ತ್ರಿಯ ಮರ್ಜಿಯ ಜಾಗದಲ್ಲಿ ಬರೆದಿಟ್ಟ ನಿಯಮವನ್ನು ತಂದು ಕೂರಿಸಿದ್ದು ಈ ನೀರಸ ರಿಜಿಸ್ಟರೇ.

'ಸಂಪನ್ಮೂಲ' ಎಂಬ ಪದ ಎಲ್ಲಿಂದ ಬಂತು?

1970 ಮತ್ತು 80ರ ದಶಕದಲ್ಲಿ ಜಪಾನಿನ ಕಾರು, ಟಿವಿಗಳು ಅಮೆರಿಕದ ಮಾರುಕಟ್ಟೆ ಹಿಡಿದಾಗ ಅಲ್ಲಿನ ಕಂಪನಿಗಳು ಒಂದು ಪ್ರಶ್ನೆ ಕೇಳಿಕೊಂಡವು: ಅಂಥದ್ದೇ ಯಂತ್ರ ನಮ್ಮಲ್ಲೂ ಇರುವಾಗ ಗುಣಮಟ್ಟ ಅಲ್ಲೇ ಏಕೆ ಹೆಚ್ಚು? ಜನರನ್ನು ತಯಾರು ಮಾಡುವ, ಅವರ ಮಾತು ಕೇಳುವ ರೀತಿ ಬೇರೆ ಎಂಬುದು ಸಿಕ್ಕ ಉತ್ತರಗಳಲ್ಲೊಂದು. 1984ರಲ್ಲಿ ಹಾರ್ವರ್ಡ್‌ನ ಪ್ರಾಧ್ಯಾಪಕರು ನೌಕರರನ್ನು ಆಸ್ತಿಯೆಂದು ನೋಡುವ ಮಾದರಿಯೊಂದನ್ನು ಪುಸ್ತಕವಾಗಿ ತಂದರು. ಅಮೆರಿಕದ ಪರ್ಸನಲ್ ಅಧಿಕಾರಿಗಳ ಸಂಘ 1989ರಲ್ಲಿ ತನ್ನ ಹೆಸರಿನಲ್ಲೇ 'ಮಾನವ ಸಂಪನ್ಮೂಲ' ಎಂದು ಸೇರಿಸಿಕೊಂಡಿತು.

ಭಾರತ ಹಿಂದೆ ಬಿದ್ದಿರಲಿಲ್ಲ. ಅಹಮದಾಬಾದ್ ಐಐಎಂನ ಉದಯ್ ಪಾರೀಕ್ ಮತ್ತು ಟಿ.ವಿ. ರಾವ್ ಸಲಹೆಯಂತೆ ಲಾರ್ಸೆನ್ ಅಂಡ್ ಟೂಬ್ರೊ ಕಂಪನಿ 1975ರ ಸುಮಾರಿಗೇ ಮಾನವ ಸಂಪನ್ಮೂಲ ಅಭಿವೃದ್ಧಿಯ ವ್ಯವಸ್ಥೆ ರೂಪಿಸಿಕೊಂಡಿತು. 1985ರಲ್ಲಿ ಕೇಂದ್ರದ ಶಿಕ್ಷಣ ಸಚಿವಾಲಯವೇ ಮಾನವ ಸಂಪನ್ಮೂಲ ಅಭಿವೃದ್ಧಿ ಸಚಿವಾಲಯವಾಯಿತು. 2020ರಲ್ಲಿ ಮತ್ತೆ ಹಳೆಯ ಹೆಸರಿಗೆ ಮರಳಿತು.

ವ್ಯತ್ಯಾಸ ಎಲ್ಲಿದೆ? ಒಂದು ಉದಾಹರಣೆ

ಬಿ.ಕಾಂ, ಬಿಬಿಎ ಓದುವವರಿಗೆ ಇದು ಪರೀಕ್ಷೆಯ ಪ್ರಶ್ನೆ. ಎರಡು ಕಾಲಂ ಹಾಕಿ ಬರೆಯುತ್ತಾರೆ. ನಾವು ಕಾಲಂ ಬಿಟ್ಟು ಒಂದು ಹೊಲಿಗೆ ಕಾರ್ಖಾನೆಯನ್ನು ಊಹಿಸಿಕೊಳ್ಳೋಣ. ಒಬ್ಬ ಟೈಲರ್ ಪ್ರತಿ ತಿಂಗಳು ಮೂರು ದಿನ ಗೈರುಹಾಜರಾಗುತ್ತಾಳೆ.

ಸಿಬ್ಬಂದಿ ನಿರ್ವಹಣೆಯ ದಾರಿ: ರಿಜಿಸ್ಟರ್ ನೋಡು, ರಜೆ ಇದ್ದರೆ ಹಾಕು, ಇಲ್ಲದಿದ್ದರೆ ಸಂಬಳ ಕಡಿತ ಮಾಡು. ಮುಂದುವರಿದರೆ ಮೆಮೊ ಕೊಡು. ನಿಯಮ ಎಲ್ಲರಿಗೂ ಒಂದೇ.

ಮಾನವ ಸಂಪನ್ಮೂಲ ನಿರ್ವಹಣೆಯ ದಾರಿ: ಅದೇ ಲೈನಿನಲ್ಲಿ ಇನ್ನೆಷ್ಟು ಜನ ಹೀಗೆ ತಪ್ಪಿಸಿಕೊಳ್ಳುತ್ತಿದ್ದಾರೆ ಎಂದು ನೋಡು. ಬಸ್ಸಿನ ಸಮಯವೋ, ಮಗುವನ್ನು ನೋಡಿಕೊಳ್ಳುವವರಿಲ್ಲವೋ, ಸೂಪರ್‌ವೈಸರ್ ಬೈಗುಳವೋ ಎಂದು ಕಾರಣ ಹುಡುಕು. ನುರಿತ ಟೈಲರ್ ಬಿಟ್ಟುಹೋದರೆ ಹೊಸಬರನ್ನು ತಯಾರು ಮಾಡುವ ಖರ್ಚೆಷ್ಟು ಎಂದು ಲೆಕ್ಕ ಹಾಕು. ಶಿಶುವಿಹಾರ ಸರಿಪಡಿಸು, ಸೂಪರ್‌ವೈಸರ್‌ಗೆ ತರಬೇತಿ ಕೊಡು.

ಈ ಒಂದು ಉದಾಹರಣೆಯಲ್ಲೇ ಮುಖ್ಯ ವ್ಯತ್ಯಾಸಗಳು ಕಾಣುತ್ತವೆ:

• ನೋಟ: ಹಳೆಯದರಲ್ಲಿ ಸಂಬಳ ಒಂದು ಖರ್ಚು, ಹೊಸದರಲ್ಲಿ ನೌಕರ ಒಂದು ಹೂಡಿಕೆ.
• ಸಮಯ: ಹಳೆಯದು ಸಮಸ್ಯೆ ಬಂದ ಮೇಲೆ ಎದ್ದೇಳುತ್ತದೆ. ಹೊಸದು ಮುಂದಿನ ವರ್ಷ ಎಷ್ಟು ಜನ, ಯಾವ ಕೌಶಲ ಬೇಕು ಎಂದು ಈಗಲೇ ಯೋಚಿಸಬೇಕು.
• ಹೊಣೆ: ಹಳೆಯದರಲ್ಲಿ ಅದು ಒಂದು ಕೋಣೆಯ ಕೆಲಸ. ಹೊಸದರಲ್ಲಿ ಸೂಪರ್‌ವೈಸರ್‌ನಿಂದ ಹಿಡಿದು ಮುಖ್ಯಸ್ಥರವರೆಗೆ ಎಲ್ಲರದೂ.
• ಮಾತುಕತೆ: ಹಳೆಯದು ಯೂನಿಯನ್ ಜೊತೆ ಕೂತು ಒಪ್ಪಂದ ಮಾಡುತ್ತದೆ. ಹೊಸದು ಪ್ರತಿ ನೌಕರನೊಂದಿಗೆ ನೇರವಾಗಿ ಮಾತಾಡುತ್ತೇನೆ ಎನ್ನುತ್ತದೆ.

ಈ ಕೊನೆಯ ಅಂಶದಲ್ಲಿ ಸ್ವಲ್ಪ ಎಚ್ಚರ ಬೇಕು. 2016ರ ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಮಿಕರು, ಬಹುಪಾಲು ಮಹಿಳೆಯರು, ಪಿಎಫ್ ಹಿಂಪಡೆಯುವ ನಿಯಮ ಬದಲಾಗಿದ್ದಕ್ಕೆ ಹೆದ್ದಾರಿಗಿಳಿದರು. ಮಾಲೀಕರ ಪಾಲಿನ ಪಿಎಫ್ ಹಣ 58 ವರ್ಷದವರೆಗೆ ಸಿಗದು ಎಂಬುದು ಆ ಬದಲಾವಣೆ. ಯಾವ ಯೂನಿಯನ್ನೂ ಮುಂದೆ ನಿಂತು ಕರೆ ಕೊಟ್ಟಿರಲಿಲ್ಲ. ಎರಡನೇ ದಿನವೇ ಕೇಂದ್ರ ಸರ್ಕಾರ ಆದೇಶ ಹಿಂಪಡೆಯಿತು. ಯೂನಿಯನ್ ಗಟ್ಟಿಯಿಲ್ಲದ ಕಡೆ ನೇರ ಮಾತುಕತೆಯೂ ನಡೆಯದಿದ್ದರೆ ಜನರ ಆತಂಕ ಬೀದಿಯಲ್ಲೇ ಮಾತಾಡುತ್ತದೆ.

ನರಸಾಪುರದಲ್ಲಿ ಆದದ್ದೇನು?

2007ರವರೆಗೆ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಎಲ್ಲವೂ ಕೋಲಾರ ಜಿಲ್ಲೆಯಲ್ಲೇ ಇದ್ದವು. ಅದೇ ಕೋಲಾರದ ನರಸಾಪುರದಲ್ಲಿ ವಿಸ್ಟ್ರಾನ್ ಎಂಬ ತೈವಾನ್ ಕಂಪನಿ ಆ್ಯಪಲ್‌ಗಾಗಿ ಐಫೋನ್ ಜೋಡಿಸುತ್ತಿತ್ತು. 2020ರ ಡಿಸೆಂಬರ್ 12ರ ಬೆಳಗ್ಗೆ ಪಾಳಿ ಬದಲಾಗುವ ಹೊತ್ತಿಗೆ ಅಲ್ಲಿ ಗಲಾಟೆ ಎದ್ದು, ಗಾಜು, ವಾಹನ, ಯಂತ್ರಗಳು ಪುಡಿಯಾದವು. ವಿಡಿಯೊಗಳು ನಮ್ಮೆಲ್ಲರ ಫೋನಿಗೂ ಬಂದವು. ಹಿಂಸೆಗೆ ಸಮರ್ಥನೆಯಿಲ್ಲ. ಆದರೆ ಕಾರಣ ತಿಳಿಯಬೇಕು.

ರಾಜ್ಯದ ಕಾರ್ಖಾನೆಗಳ ಇಲಾಖೆಯ ತಪಾಸಣೆ ಹೇಳಿದ್ದಿಷ್ಟು: ಕಾರ್ಮಿಕರ ಸಂಖ್ಯೆ ಕಡಿಮೆ ಅವಧಿಯಲ್ಲಿ 5,000ದಿಂದ 10,500ಕ್ಕೆ ಏರಿತ್ತು. ಅಕ್ಟೋಬರ್‌ನಲ್ಲಿ ಪಾಳಿಯನ್ನು 8 ಗಂಟೆಯಿಂದ 12 ಗಂಟೆಗೆ ಬದಲಿಸಲಾಗಿತ್ತು. ಹಾಜರಾತಿ ಯಂತ್ರ ಸರಿಯಾಗಿ ಲೆಕ್ಕ ಹಿಡಿಯುತ್ತಿರಲಿಲ್ಲ. ಅಷ್ಟು ಜನರಿಗೆ ತಕ್ಕಂತೆ, ಕಾರ್ಮಿಕ ಕಾನೂನು ಬಲ್ಲವರಿರುವ ಎಚ್‌ಆರ್ ವಿಭಾಗವೂ ಇರಲಿಲ್ಲ. ಹೆಚ್ಚಿನ ಕಾರ್ಮಿಕರು ಏಜೆನ್ಸಿಗಳ ಮೂಲಕ ಬಂದ ಗುತ್ತಿಗೆಯವರು. ಕೆಲವರಿಗೆ ಸರಿಯಾಗಿ, ಸಮಯಕ್ಕೆ ಸಂಬಳ ಆಗಿಲ್ಲವೆಂದು ಕಂಪನಿಯೇ ಡಿಸೆಂಬರ್ 19ರಂದು ಒಪ್ಪಿಕೊಂಡು, ಭಾರತದ ವ್ಯವಹಾರ ನೋಡುತ್ತಿದ್ದ ಉಪಾಧ್ಯಕ್ಷರನ್ನು ತೆಗೆಯಿತು. ಸರಿಪಡಿಸುವ ತನಕ ಹೊಸ ಕೆಲಸ ಕೊಡುವುದಿಲ್ಲ ಎಂದು ಆ್ಯಪಲ್ ಹೇಳಿತು. 2023ರಲ್ಲಿ ಆ ಘಟಕ ಟಾಟಾ ತೆಕ್ಕೆಗೆ ಹೋಯಿತು.

ಗಮನಿಸಿ: ಅಲ್ಲಿ ಕುಸಿದದ್ದು ಹಾಜರಾತಿ, ಓವರ್‌ಟೈಮ್ ಲೆಕ್ಕ, ಸಂಬಳದ ದಿನ. ಎಲ್ಲವೂ ಹಳೇ ಪರ್ಸನಲ್ ಗುಮಾಸ್ತರ ರಿಜಿಸ್ಟರಿನ ವಿಷಯಗಳು. ಜಗತ್ತಿನ ಅತಿ ಆಧುನಿಕ ಫೋನ್ ಕಟ್ಟುವ ಜಾಗದಲ್ಲೂ ಇವು ತಪ್ಪಿದರೆ ತರಬೇತಿ, ಪ್ರೇರಣೆ, ಪ್ರತಿಭೆ ಎಂಬ ಮಾತುಗಳಿಗೆ ಬೆಲೆಯಿಲ್ಲ.

ಬ್ರಿಟನ್ನಿನ ವಿದ್ವಾಂಸ ಜಾನ್ ಸ್ಟೋರಿ ಎಚ್‌ಆರ್‌ನಲ್ಲೇ 'ಮೃದು' ಮತ್ತು 'ಕಠಿಣ' ಎಂಬ ಎರಡು ಬಗೆ ಗುರುತಿಸಿದ್ದರು. ಮೃದು ಬಗೆ ಮನುಷ್ಯರನ್ನು ಬೆಳೆಸುತ್ತದೆ. ಕಠಿಣ ಬಗೆ ಅವರನ್ನು ಕಚ್ಚಾವಸ್ತುವಿನಂತೆ ಎಣಿಸುತ್ತದೆ: ಇಷ್ಟು ಕೆಲಸಕ್ಕೆ ಇಷ್ಟು ತಲೆ, ಇಷ್ಟು ಗಂಟೆ. 'ಸಂಪನ್ಮೂಲ' ಎಂಬ ಒಂದೇ ಪದದಲ್ಲಿ ಎರಡೂ ಅಡಗಿವೆ.

ಹಾಗಾದರೆ ಎಚ್‌ಆರ್ ನಮ್ಮ ಪರವೇ?

ಎಚ್‌ಆರ್ ಆಡಳಿತ ಮಂಡಳಿಯ ಭಾಗ. ಒಳ್ಳೆಯ ಎಚ್‌ಆರ್ ನಿಮ್ಮ ಸಮಸ್ಯೆ ಬಗೆಹರಿಸುತ್ತದೆ, ಏಕೆಂದರೆ ಅದು ಕಂಪನಿಗೂ ಲಾಭ. ಆದರೆ ಅದು ಯೂನಿಯನ್ನೂ ಅಲ್ಲ, ಕಾರ್ಮಿಕ ಇಲಾಖೆಯೂ ಅಲ್ಲ. ಲೈಂಗಿಕ ಕಿರುಕುಳದ ದೂರಿಗೆ 2013ರ ಕಾಯ್ದೆಯಂತೆ 10 ಅಥವಾ ಹೆಚ್ಚು ಜನರಿರುವ ಕಡೆ ಆಂತರಿಕ ಸಮಿತಿ ಇರಲೇಬೇಕು; ಮೂರು ತಿಂಗಳೊಳಗೆ ಅದಕ್ಕೆ ಲಿಖಿತ ದೂರು ಕೊಡಬೇಕು. ಎಚ್‌ಆರ್ ಬಳಿ ಬಾಯಲ್ಲಿ ಹೇಳಿ ಬಂದರೆ ಸಾಲದು.

ಕೆಲಸಕ್ಕೆ ಸೇರುವಾಗ ನೋಡಬೇಕಾದ್ದು

1. ನೇಮಕಾತಿ ಪತ್ರ. ಹೊಸ ಸಂಹಿತೆಯಲ್ಲಿ ಇದು ಕಡ್ಡಾಯ. ಅದರಲ್ಲಿರುವುದು ಕಂಪನಿಯ ಹೆಸರೋ ಏಜೆನ್ಸಿಯ ಹೆಸರೋ ಓದಿ. ಗುತ್ತಿಗೆದಾರ ಸಂಬಳ ಕೊಡದಿದ್ದರೆ ಕೊಡುವ ಹೊಣೆ ಮೂಲ ಕಂಪನಿಯದು.
2. ಸಂಬಳದ ಚೀಟಿ. ತಿಂಗಳ ಸಂಬಳ ಮುಂದಿನ ತಿಂಗಳ 7ನೇ ತಾರೀಖಿನೊಳಗೆ ಬರಬೇಕು.
3. ಯುಎಎನ್ ಸಂಖ್ಯೆ. ಉಮಂಗ್ ಆ್ಯಪ್‌ನಲ್ಲಿ ಪಿಎಫ್ ಪಾಸ್‌ಬುಕ್ ನೀವೇ ನೋಡಿ. ಸಂಬಳದಲ್ಲಿ ಹಿಡಿದ ಹಣ ಖಾತೆಗೆ ಬಿದ್ದಿರಬೇಕು.
4. ಹಾಜರಾತಿ ಮತ್ತು ಓವರ್‌ಟೈಮ್. ನಿಮ್ಮದೇ ಲೆಕ್ಕ ಒಂದು ಡೈರಿಯಲ್ಲಿರಲಿ.

ಇನ್ನೊಂದು ಮಾತು: ನೋಂದಣಿ ಶುಲ್ಕ ಕಟ್ಟಿ ಎಂದು ಕೇಳುವ 'ಎಚ್‌ಆರ್ ಮ್ಯಾನೇಜರ್' ನಂಬರನ್ನು ಫಾರ್ವರ್ಡ್ ಮಾಡಬೇಡಿ. ಕೆಲಸ ಕೊಡುವುದಕ್ಕೆ ದುಡ್ಡು ಕೇಳುತ್ತಿದ್ದವನು ನೂರು ವರ್ಷದ ಹಿಂದಿನ ಮೇಸ್ತ್ರಿ. ಎಚ್‌ಆರ್ ಕೆಲಸ ಅದಲ್ಲ.

ನಮ್ಮ ತೀರ್ಮಾನ: ಎಚ್‌ಆರ್ ಬರೀ ಹೊಸ ಹೆಸರು ಎಂಬ ಮಾತು ಪೂರ್ತಿ ಸರಿಯಲ್ಲ; ಎಚ್‌ಆರ್ ಇದ್ದರೆ ಎಲ್ಲ ಸರಿ ಎಂಬುದೂ ಸರಿಯಲ್ಲ. ಕೋಣೆಯ ಮೇಲಿನ ಬೋರ್ಡ್ ಯಾವುದೇ ಇರಲಿ, ಮೊದಲು ನೋಡಬೇಕಾದ್ದು ಸಂಬಳ ಸರಿಯಾದ ದಿನಕ್ಕೆ, ಸರಿಯಾದ ಲೆಕ್ಕದಲ್ಲಿ ಬರುತ್ತಿದೆಯೇ ಎಂಬುದನ್ನು.